ಗೋಸುಂಬೆಗೆ ಗಾಜಿನ ಪೆಟ್ಟಿಗೆ ಸಾಲದು

ಮಾತು ಬದಲಿಸುವ ರಾಜಕಾರಣಿಯನ್ನು ಜರೆಯಬೇಕಾದಾಗಲೆಲ್ಲ ನಮಗೆ ನೆನಪಾಗುವ ಗೋಸುಂಬೆ ಕೆಲವು ವರ್ಷಗಳಿಂದ ಬೇರೊಂದು ಕಾರಣಕ್ಕೆ ಸುದ್ದಿಯಲ್ಲಿದೆ. 2023ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 18 ವಿದೇಶಿ ಪ್ರಾಣಿಗಳನ್ನು ಪತ್ತೆ ಹಚ್ಚಿದರು. ಅದೇ ಜಾಡು ಹಿಡಿದು ತೋಟದ ಮನೆಯೊಂದನ್ನು ಶೋಧಿಸಿದಾಗ ಮತ್ತೆ 139 ಪ್ರಾಣಿಗಳು ದೊರೆತವು. ಅನಕೊಂಡ, ಇಗ್ವಾನಾ, ಹೆಬ್ಬಾವುಗಳಿದ್ದ ಆ ಪಟ್ಟಿಯಲ್ಲಿ ಅರೇಬಿಯಾ ಮೂಲದ ವೇಲ್ಡ್ ಕೆಮೀಲಿಯನ್ ಎಂಬ ಗೋಸುಂಬೆಯೂ ಸೇರಿತ್ತು. ವಶಪಡಿಸಿಕೊಂಡ ಜೀವಿಗಳನ್ನು ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಸಾಗಿಸಲಾಯಿತು.

ಇಂತಹ ಹವ್ಯಾಸಗಳು ರಾಜಧಾನಿಗೇ ಸೀಮಿತವಾಗಿ ಉಳಿಯುವುದಿಲ್ಲ. ಅಂತರ್ಜಾಲ ಮತ್ತು ಮೊಬೈಲ್ ಮೂಲಕ ಆಸೆಯೂ ಸರಕೂ ಎರಡನೆಯ ಹಂತದ ನಗರಗಳನ್ನು ತಲುಪುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಆದ್ದರಿಂದ ಶಿವಮೊಗ್ಗ ಮತ್ತು ಭದ್ರಾವತಿಯಂತಹ ನಗರಗಳ ನಿವಾಸಿಗಳು ಈ ವಿಚಾರವನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳಿತು. ಮಲೆನಾಡು ಬಯಲುಸೀಮೆಯನ್ನು ಸಂಧಿಸುವ ಈ ಭಾಗದವರ ಮುಂದೆ ಪ್ರಶ್ನೆ ಒಂದಲ್ಲ, ಎರಡು. ಕೊಂಡು ತರಬಹುದಾದ ವಿದೇಶಿ ಗೋಸುಂಬೆಯದು ಒಂದು; ಬೇಲಿಯ ಮೇಲೆ ಕಂಡ ನಮ್ಮದೇ ನೆಲದ ಗೋಸುಂಬೆಯದು ಇನ್ನೊಂದು.

ಎರಡು ಪ್ರಾಣಿ, ಎರಡು ನಿಯಮ

ಭಾರತದಲ್ಲಿರುವ ಗೋಸುಂಬೆಯ ಪ್ರಭೇದ ಒಂದೇ. ಒಣ ಎಲೆಯುದುರುವ ಕಾಡು, ಕುರುಚಲು, ತೋಟದಂಚಿನ ಗಿಡಗಂಟಿಗಳೇ ಅದರ ನೆಲೆ. ಮೊಟ್ಟೆಯಿಡಲು ನೆಲಕ್ಕಿಳಿಯುವ ಹೆಣ್ಣು ತನ್ನ ನಿಧಾನಗತಿಯಿಂದಾಗಿ ರಸ್ತೆ ದಾಟುವಾಗ ವಾಹನಗಳಿಗೆ ಸುಲಭವಾಗಿ ಬಲಿಯಾಗುತ್ತದೆ. ಇದಕ್ಕೆ ವಿಷವಿಲ್ಲ, ಆದರೂ ವಿಷಜಂತುವೆಂದು ಬಗೆದು ಕಲ್ಲೆಸೆಯುವವರಿದ್ದಾರೆ. ಕನಿಕರಪಟ್ಟು ಮನೆಗೆ ಒಯ್ಯುವವರೂ ಇದ್ದಾರೆ. ಎರಡನೆಯವರ ಉದ್ದೇಶ ಒಳ್ಳೆಯದಿರಬಹುದು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದೂ ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಶಿಷ್ಟದಲ್ಲಿ ಸೇರಿರುವ ಈ ಪ್ರಾಣಿಯನ್ನು ಹಿಡಿಯುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. 2022ರ ತಿದ್ದುಪಡಿಯು ಕಾಯ್ದೆಯ ಸಾಮಾನ್ಯ ಉಲ್ಲಂಘನೆಗಳ ದಂಡದ ಮಿತಿಯನ್ನು 25 ಸಾವಿರ ರೂಪಾಯಿಯಿಂದ 1 ಲಕ್ಷ ರೂಪಾಯಿಗೆ ಏರಿಸಿದೆ. ರಸ್ತೆಯ ಮೇಲೆ ಕಂಡ ಗೋಸುಂಬೆಯನ್ನು ಅದು ಹೊರಟಿದ್ದ ದಿಕ್ಕಿನ ಗಿಡದ ಬಳಿ ಬಿಡುವುದು, ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು, ಇವಿಷ್ಟೇ ನಾಗರಿಕನ ಕೆಲಸ.

ವಿದೇಶಿ ಗೋಸುಂಬೆಗಳ ವಿಚಾರ ಬೇರೆ. ಸಾಕಣೆಗೆ ಹೆಸರಾದ ವೇಲ್ಡ್ ಮತ್ತು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಗಳೆರಡೂ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. 2024ರ ಫೆಬ್ರವರಿ 28ರಂದು ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಇಂತಹ ಪ್ರಾಣಿಗಳನ್ನು ಪರಿವೇಶ್ 2.0 ಜಾಲತಾಣದ ಮೂಲಕ ನೋಂದಾಯಿಸುವುದು ಕಡ್ಡಾಯ. ಈಗಾಗಲೇ ಸಾಕುತ್ತಿದ್ದವರಿಗೆ ನೀಡಿದ್ದ ಆರು ತಿಂಗಳ ಗಡುವು ಅದೇ ವರ್ಷ ಮುಗಿದಿದೆ. ಹೊಸದಾಗಿ ಪಡೆದವರು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ದಾಖಲೆಯಿಲ್ಲದೆ ಮಾರುವವನಿಂದ ಕೊಂಡರೆ ಕಳ್ಳಸಾಗಣೆಯ ಕೊನೆಯ ಕೊಂಡಿ ನಾವೇ ಆಗುತ್ತೇವೆ.

ಬೆಳಕೇ ಮೊದಲ ಆಹಾರ

ದಾಖಲೆ ಸರಿಯಿದ್ದ ಮಾತ್ರಕ್ಕೆ ಪ್ರಾಣಿ ಬದುಕುತ್ತದೆಂಬ ಖಾತರಿ ಇಲ್ಲ. ಪ್ರಮಾಣಪತ್ರ ಉತ್ತರಿಸುವುದು ಪ್ರಾಣಿ ಯಾರದು ಎಂಬ ಪ್ರಶ್ನೆಗೆ. ಅದು ಹೇಗೆ ಬದುಕುತ್ತಿದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವನು ಸಾಕುವವನೇ. ಆ ಉತ್ತರ ಆರಂಭವಾಗುವುದು ಬೆಳಕಿನಿಂದ.

ಸೂರ್ಯನ ಬೆಳಕಿನ ಅತಿನೇರಳೆ-ಬಿ ಕಿರಣಗಳು ಬಿದ್ದಾಗ ಗೋಸುಂಬೆಯ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಡ ಪಡೆಯತೊಡಗುತ್ತದೆ. ಕಾಲುಗಳು ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ತಪ್ಪುತ್ತದೆ. ಬೇಟೆಗೆ ಚಾಚುವ ನಾಲಿಗೆಯೂ ಸೋಲುತ್ತದೆ. ಮನೆಯಲ್ಲಿ ಸಾಕಿದ ಗೋಸುಂಬೆಗಳನ್ನು ಬಹುವಾಗಿ ಕಾಡುವ ಮೂಳೆರೋಗ ಇದೇ. ಒಮ್ಮೆ ಬಾಗಿದ ಮೂಳೆ ಮತ್ತೆ ನೇರವಾಗುವುದು ಕಷ್ಟ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಿಟಕಿಯ ಗಾಜು ಈ ಕಿರಣಗಳನ್ನು ಬಹುತೇಕ ತಡೆಯುತ್ತದೆ. ಆದ್ದರಿಂದ ಗಾಜಿನ ಹಿಂದೆ ಕೂತ ಗೋಸುಂಬೆಗೆ ಸಿಗುವುದು ಕಾವು ಮಾತ್ರ. ಮನೆಯ ಎಲ್‌ಇಡಿ ಬಲ್ಬುಗಳಿಂದಲೂ ಈ ಪ್ರಯೋಜನವಿಲ್ಲ. ಸರೀಸೃಪಗಳಿಗೆಂದೇ ತಯಾರಾದ ಉದ್ದನೆಯ ಟಿ5 ಕೊಳವೆ ದೀಪ ದಿನಕ್ಕೆ ಸುಮಾರು 12 ಗಂಟೆ ಉರಿಯಬೇಕು. ಅದು ಬೆಳಗುತ್ತಲೇ ಇದ್ದರೂ ಅತಿನೇರಳೆ ಪ್ರಮಾಣ ಕ್ರಮೇಣ ಕುಗ್ಗುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಬದಲಿಸಬೇಕು. ಕಾವಿಗೆ ಪ್ರತ್ಯೇಕ ಬಲ್ಬು ಬೇಕು: ಬೆಳೆದ ವೇಲ್ಡ್ ಗೋಸುಂಬೆ ಮೈ ಕಾಯಿಸುವ ಕೊಂಬೆಯ ಬಳಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಉಳಿದೆಡೆ ತಂಪು ನೆರಳಿರಬೇಕು. ರಾತ್ರಿ ಪೂರ್ಣ ಕತ್ತಲೆ ಅಗತ್ಯ. ಬಣ್ಣದ ರಾತ್ರಿದೀಪ ಅದರ ನಿದ್ದೆಗೆಡಿಸುತ್ತದೆ.

ಬೇಸಿಗೆಯಲ್ಲಿ ಜಾಲರಿ ಗೂಡನ್ನು ಬೆಳಗಿನ ಎಳೆಬಿಸಿಲಿಗಿಡುವುದು ಯಾವ ದೀಪಕ್ಕಿಂತಲೂ ಮೇಲು; ನೆರಳಿಗೆ ಸರಿಯಲು ಎಲೆಗಳಿರಬೇಕಷ್ಟೇ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಮಾತ್ರ ಅದು ಒಲೆಯಾದೀತು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ಶಿವಮೊಗ್ಗದಲ್ಲಿ ದೀಪವೇ ಗತಿ. ಮಳೆಗಾಲದ ವಿದ್ಯುತ್ ವ್ಯತ್ಯಯ ಮಲೆನಾಡಿಗೆ ಹೊಸತೇನಲ್ಲ. ಒಂದೆರಡು ಗಂಟೆಯ ಕತ್ತಲನ್ನು ಗೋಸುಂಬೆ ಸಹಿಸೀತು; ವಾರಗಟ್ಟಲೆ ಏರುಪೇರಾದರೆ ಅದರ ಲೆಕ್ಕ ಮೂಳೆಯಲ್ಲಿ ದಾಖಲಾಗುತ್ತದೆ.

ಹುಳು ಮತ್ತು ಪುಡಿಯ ಲೆಕ್ಕ

ಆಹಾರದಲ್ಲೂ ಇದೇ ಸೂಕ್ಷ್ಮ. ಮಿಡತೆ, ಜೀರುಂಡೆಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆದ್ದರಿಂದ ಹುಳುಗಳಿಗೇ ಮೊದಲು ಹಸಿರು ಸೊಪ್ಪು, ಗಜ್ಜರಿ ತಿನ್ನಿಸಿ ಪುಷ್ಟಿಗೊಳಿಸಿ, ಬಳಿಕ ಡಿ3 ಬೆರೆಸದ ಕ್ಯಾಲ್ಸಿಯಂ ಪುಡಿಯನ್ನು ತೆಳುವಾಗಿ ಸವರಿ ಕೊಡುವುದು ರೂಢಿ. ಡಿ3 ಮತ್ತು ವಿಟಮಿನ್ ಎ ಇರುವ ಮಿಶ್ರಣವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಮಾತ್ರ ಬಳಸಲಾಗುತ್ತದೆ. ಡಿ3 ಅತಿಯಾದರೆ ಮೂತ್ರಪಿಂಡ, ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ವಿಟಮಿನ್ ಎ ಕಡಿಮೆಯಾದರೆ ಕಣ್ಣು ಊದಿಕೊಳ್ಳುತ್ತದೆ, ಹೆಚ್ಚಾದರೆ ಡಿ3 ಕೆಲಸಕ್ಕೇ ಅಡ್ಡಿ. ಒಂದು ಚಿಟಿಕೆ ಹೆಚ್ಚಿದ್ದರೆ ಒಳ್ಳೆಯದೇ ಎಂಬ ನಮ್ಮ ಟಾನಿಕ್ ತರ್ಕ ಇಲ್ಲಿ ನಡೆಯದು.

ರೇಷ್ಮೆಯ ನಾಡಾದ ಕರ್ನಾಟಕದಲ್ಲಿ ರೇಷ್ಮೆಹುಳು ಸಿಗುವುದು ಅನುಕೂಲವೇ. ಆದರೆ ಕೀಟನಾಶಕ ಸಿಂಪಡಿಸಿದ ತೋಟದಿಂದ ಹಿಡಿದು ತಂದ ಹುಳು ಯಾವುದೇ ಇರಲಿ, ಅದು ವಿಷವಾದೀತು. ಬೆಳೆದ ಗೋಸುಂಬೆಗೆ ದಿನ ಬಿಟ್ಟು ದಿನ ಕೆಲವು ಹುಳು ಸಾಕು. ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುವ ವೇಲ್ಡ್ ಹೆಣ್ಣಿಗೆ ಅತಿಯಾಗಿ ಉಣಿಸಿದರೆ ಮೊಟ್ಟೆಗಳ ಸಂಖ್ಯೆ ಹೆಚ್ಚಿ, ಅವು ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಕುತ್ತಾಗುವುದುಂಟು. ಬಟ್ಟಲಿನ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೂ ಇಲ್ಲ. ಎಲೆಯ ಮೇಲಿನ ಹನಿಯನ್ನೇ ಅದು ನೆಕ್ಕುತ್ತದೆ.

ಹೊಣೆ ಯಾರದು?

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಅಂಗೀಕಾರವಾದದ್ದು 1960ರಲ್ಲಿ. ಪ್ರಾಣಿಯ ಯೋಗಕ್ಷೇಮ ಅದನ್ನು ಇಟ್ಟುಕೊಂಡವರ ಕರ್ತವ್ಯವೆಂದು ಅದರ ಮೂರನೆಯ ಕಲಮು ಹೇಳುತ್ತದೆ. ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ. ಹಸುವಿನ ಹಸಿವು ಹಟ್ಟಿಯಾಚೆಗೂ ಕೇಳಿಸುತ್ತದೆ. ಅತಿನೇರಳೆ ಕಿರಣದ ಕೊರತೆ ಕೇಳಿಸುವುದಿಲ್ಲ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಶಿವಮೊಗ್ಗಕ್ಕೆ ಒಂದು ಅನುಕೂಲವಿದೆ. ನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಸನಿಹದಲ್ಲೇ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮವಿದೆ. ಸಾಕುವವರಿಗೆ ಮಾಹಿತಿ, ವೈದ್ಯರಿಗೆ ಸರೀಸೃಪ ಚಿಕಿತ್ಸೆಯ ತರಬೇತಿ, ವಶಪಡಿಸಿಕೊಂಡ ಜೀವಿಗಳಿಗೆ ತಾತ್ಕಾಲಿಕ ಆಸರೆ, ಈ ಮೂರನ್ನೂ ಅರಣ್ಯ ಇಲಾಖೆಯೊಂದಿಗೆ ಸೇರಿ ಜಿಲ್ಲಾ ಮಟ್ಟದಲ್ಲೇ ಯೋಜಿಸುವುದು ಸಾಧ್ಯ. ಪ್ರತಿ ಬಾರಿಯೂ ಬನ್ನೇರುಘಟ್ಟದತ್ತ ನೋಡುವ ವ್ಯವಸ್ಥೆ ಹೆಚ್ಚು ಕಾಲ ಬಾಳಲಾರದು.

ಹಾಗೆಂದು ಹವ್ಯಾಸವನ್ನೇ ಹಳಿಯಬೇಕಿಲ್ಲ. ಆದರೆ ಗೋಸುಂಬೆ ಮುದ್ದಿಸಿಕೊಳ್ಳುವ ಪ್ರಾಣಿಯಲ್ಲ. ಮುಟ್ಟಿದರೆ ಬಳಲುವ, ಜೊತೆಗಾರನನ್ನೂ ಸಹಿಸದ ಒಂಟಿ ಜೀವಿ. ಅದು ಬಣ್ಣ ಬದಲಿಸುವುದು ನಮ್ಮ ಮನರಂಜನೆಗಲ್ಲ. ಚಳಿ, ಸಿಟ್ಟು, ಭಯಗಳನ್ನು ಅದು ಹೇಳಿಕೊಳ್ಳುವ ಬಗೆ ಅದು. ಆ ಭಾಷೆಯನ್ನು ಓದಲು ಬಿಡುವಿಲ್ಲದವರು, ದೀಪ ಮತ್ತು ಪುಡಿಯ ಲೆಕ್ಕ ಇಡಲಾರದವರು ಬೇಲಿಯ ಮೇಲಿನ ನಮ್ಮ ಗೋಸುಂಬೆಯನ್ನು ದೂರದಿಂದಲೇ ನೋಡಿ ಸಂತೋಷಪಡಬಹುದು. ಅದಕ್ಕೆ ನೋಂದಣಿಯೂ ಬೇಕಿಲ್ಲ, ವಿದ್ಯುತ್ತೂ ಬೇಕಿಲ್ಲ.