ರೇಸಿನ ಓಟ ಮುಗಿಸಿದ ಕುದುರೆಗಳ ಪಾಲನೆ

ಬೆಂಗಳೂರು, ಮೈಸೂರುಗಳ ರೇಸಿನಲ್ಲಿ ಓಡುವ ಥರೋಬ್ರೆಡ್ ಜಾತಿಯ ಕುದುರೆಯು ಎರಡು ಮೂರು ವರ್ಷ ಪ್ರಾಯದಲ್ಲಿಯೇ ಪಂದ್ಯಕ್ಕಿಳಿಯುತ್ತದೆ. ಏಳೆಂಟು ವರ್ಷ ತುಂಬುವಷ್ಟರಲ್ಲಿ, ಅನೇಕ ವೇಳೆ ಅದಕ್ಕೂ ಮೊದಲೇ, ಕಾಲು ನೊಂದೋ ವೇಗ ಕುಗ್ಗಿಯೋ ಲಾಯದಿಂದ ಹೊರಬೀಳುತ್ತದೆ. ಚೆನ್ನಾಗಿ ಸಾಕಿದಲ್ಲಿ ಕುದುರೆಯ ಆಯುಸ್ಸು 25 ರಿಂದ 30 ವರ್ಷಗಳು. ಆದುದರಿಂದ ಓಟದ ಕಾಲಕ್ಕಿಂತ ಅನಂತರದ ಕಾಲವೇ ದೀರ್ಘವಾದುದು. ಇಂಥ ಕುದುರೆಯನ್ನು ಅಲ್ಪ ಬೆಲೆಗೋ ಪುಕ್ಕಟೆಯಾಗಿಯೋ ಪಡೆಯುವ ಅವಕಾಶ ಬಂದಾಗ, ಬಾಗಿಲಲ್ಲಿ ಕುದುರೆಯಿದ್ದರೆ ಮನೆತನಕ್ಕೆ ಶೋಭೆಯೆಂಬ ಒಂದೇ ಕಾರಣದಿಂದ ಭೂಮಾಲೀಕರು ಒಪ್ಪಿಕೊಳ್ಳುವುದು ಸರಿಯಲ್ಲ.

ಕುದುರೆಯನ್ನು ದನದಂತೆ ಸಾಕಲಾಗದು. ಅದು ಮೆಲುಕು ಹಾಕುವ ಪ್ರಾಣಿಯಲ್ಲ. ತಿಂದುದನ್ನು ಕಕ್ಕಲೂ ಆರದು. ರೇಸಿನ ಲಾಯದಲ್ಲಿ ಕಾಳು ಹೆಚ್ಚಾಗಿ ತಿಂದು ಬೆಳೆದ ಕುದುರೆಗೆ ಒಮ್ಮೆಗೇ ಮೇವು ಬದಲಿಸಿದರೆ ಉದರಶೂಲೆಯುಂಟಾಗಿ ಒಂದೇ ದಿನದಲ್ಲಿ ಸಾಯಬಹುದು. ಹತ್ತು ಹದಿನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸತಕ್ಕದ್ದು. 450 ರಿಂದ 500 ಕಿಲೋಗ್ರಾಂ ತೂಗುವ ಕುದುರೆಗೆ ದಿನವೊಂದಕ್ಕೆ ಸುಮಾರು 10 ಕಿಲೋಗ್ರಾಂ ಒಣ ಆಹಾರ ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಣಹುಲ್ಲೇ ಆಗಿರಬೇಕು. ನೀರು 25 ರಿಂದ 40 ಲೀಟರು. ಬೂಷ್ಟು ಹಿಡಿದ ಮೆಕ್ಕೆಜೋಳವು ಕುದುರೆಯ ಮೆದುಳನ್ನು ಕೆಡಿಸುವುದು. ಎಳೆಯ ಜೋಳದ ಪೈರು ವಿಷಕಾರಿ. ತವುಡನ್ನೇ ನೆಚ್ಚಿದರೆ ರಂಜಕವು ಮಿತಿಮೀರಿ ಸುಣ್ಣದ ಅಂಶ ಸಾಲದೆ ಮೂಳೆಗಳು ಟೊಳ್ಳಾಗುತ್ತವೆ. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಬೇಕು. ಎತ್ತಿಗೆ ಲಾಳ ಕಟ್ಟುವವನ ಕೈಗೆ ಈ ಕೆಲಸವನ್ನು ಒಪ್ಪಿಸಲಾಗದು. ಕುಣಿಗಲಿನಂಥ, ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಸೀಮೆಯನ್ನು ಬಿಟ್ಟರೆ ಲಾಯದ ಕೆಲಸ ಬಲ್ಲ ಆಳು ದೊರೆಯುವುದೂ ಕಷ್ಟವೇ.

ನೇಗಿಲಿಗಾಗಲಿ ಭಾರದ ಗಾಡಿಗಾಗಲಿ ಈ ಜಾತಿ ತಕ್ಕುದಲ್ಲ. ತಮಟೆ, ಪಟಾಕಿಗಳ ನಡುವೆ ಮದುವೆಯ ಮೆರವಣಿಗೆಗೆ ನಿಲ್ಲಿಸುವುದಂತೂ ಕುದುರೆಗೂ ಜನರಿಗೂ ಅಪಾಯ. ಸವಾರಿಶಾಲೆ, ಕುದುರೆ ಪೊಲೀಸು ದಳ, ವಿಸ್ತಾರವಾದ ತೋಟವನ್ನು ಸುತ್ತಿನೋಡುವ ಯಜಮಾನನ ಸವಾರಿ, ಇವು ಯೋಗ್ಯವಾದ ಕೆಲಸಗಳು. ಅದಕ್ಕೂ ಮೊದಲು ಕೆಲವು ತಿಂಗಳ ವಿಶ್ರಾಂತಿ ಬೇಕು. ಹಗಲಿನ ಬಹುಭಾಗ ಲಾಯದಲ್ಲೇ ಕಳೆದ ಪ್ರಾಣಿಯನ್ನು ಮುಳ್ಳುತಂತಿ ಬಿಗಿದ ಬಯಲಿಗೆ ಒಮ್ಮೆಗೇ ಬಿಡಬಾರದು. ಚಿಕ್ಕ ಆವರಣದಲ್ಲಿ ಇನ್ನೊಂದು ಕುದುರೆಯ, ಇಲ್ಲವಾದರೆ ಮೇಕೆಯ ಜೊತೆಯಲ್ಲಿರಿಸಬೇಕು. ಕಡಿವಾಣ ಬಿಗಿದಾಗ ಅದಕ್ಕೆ ಒರಗಿ ಮುನ್ನುಗ್ಗುವುದನ್ನೇ ಕಲಿತ ಕುದುರೆಗೆ ನಿಲ್ಲುವುದನ್ನು ಹೊಸದಾಗಿ ಕಲಿಸಬೇಕಾಗುವುದು.

ಇಷ್ಟು ವೆಚ್ಚವನ್ನು ರೈತನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ. ಓಟದಿಂದ ಲಾಭ ಪಡೆದ ಒಡೆಯರು ಬಹುಮಾನದ ಒಂದು ಭಾಗವನ್ನು ಈ ಪಾಲನೆಗಾಗಿ ತೆಗೆದಿರಿಸುವುದು ಅವರ ಋಣ. ಗುರುತಿನ ಪತ್ರ, ಕಾಲಿನ ಎಕ್ಸ್‌ರೇ, ಧನುರ್ವಾಯುವಿನ ಲಸಿಕೆಯ ದಾಖಲೆ, ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ರೋಗವಿಲ್ಲವೆಂಬ ಪರೀಕ್ಷಾಪತ್ರ, ಇವುಗಳನ್ನು ಕೊಡದವರಿಂದ ಕುದುರೆಯನ್ನು ಸ್ವೀಕರಿಸಕೂಡದು. ವಾಸಿಯಾಗದ ಕಾಲುನೋವಿನ ಕುದುರೆಯನ್ನು ದಾನದ ಹೆಸರಿನಲ್ಲಿ ಹಳ್ಳಿಗೆ ಸಾಗಿಸಿ, ಅಲ್ಲಿಂದ ಜಟಕಾದವನಿಗೆ ಮಾರಲು ಬಿಡುವುದಕ್ಕಿಂತ, ಪಶುವೈದ್ಯರ ಕೈಯಿಂದ ನೋವಿಲ್ಲದ ಅಂತ್ಯ ಕಾಣಿಸುವುದೇ ದಯೆ. ಆ ನಿರ್ಧಾರವನ್ನು ಒಡೆಯನು ಕುದುರೆ ತನ್ನ ಲಾಯದಲ್ಲಿರುವಾಗಲೇ ಕೈಗೊಳ್ಳಬೇಕಲ್ಲದೆ, ಅದನ್ನು ಪಡೆದ ರೈತನ ತಲೆಗೆ ಕಟ್ಟಕೂಡದು.