ಶುಗರ್ ಬರೀ ಬಾಯಿಚಪಲವಲ್ಲ, ಪುಡಿಗೆ ಹೋಗುವಂಥದ್ದೂ ಅಲ್ಲ

ಊರಲ್ಲಿ ಯಾರಿಗಾದರೂ ಶುಗರ್ ಬಂತು ಅಂದರೆ ಎರಡು ಮಾತು ರೆಡಿ ಇರುತ್ತವೆ. ಒಂದು, "ಬಾಯಿ ಕಟ್ಟಲಿಲ್ಲ, ಅನುಭವಿಸಲಿ ಬಿಡು." ಇನ್ನೊಂದು, "ಮಾತ್ರೆಗೀತ್ರೆ ಬಿಟ್ಟಾಕಣ್ಣ, ಒಂದು ಪುಡಿ ಐತೆ, ಮೂರೇ ತಿಂಗಳು, ಬುಡಸಮೇತ ಹೋಗುತ್ತೆ." ಮೊದಲನೇ ಮಾತು ಮನಸ್ಸು ನೋಯಿಸುತ್ತೆ. ಎರಡನೇದು ಕಾಲು ಕಳೆಯುತ್ತೆ. ಎರಡರ ವಿರುದ್ಧವೂ ನಾವು ಇವತ್ತು ಬರೆಯುತ್ತಿದ್ದೇವೆ.

2023ರಲ್ಲಿ ಹೊರಬಂದ ಐಸಿಎಂಆರ್ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನಕ್ಕೆ ಶುಗರ್ ಇದೆ. ಹತ್ತು ಕೋಟಿಗೂ ಮೇಲೆ. ಇವರೆಲ್ಲರೂ ಹೊಟ್ಟೆಬಾಕರಾ? ಬೆಳಗಿನ ಜಾವ ಎದ್ದು ಟೊಮೆಟೊ ಕೀಳಲು ಹೋಗುವ ಅಕ್ಕನಿಗೆ, ಮಾಲೂರಿನಲ್ಲಿ ಇಟ್ಟಿಗೆ ಹೊರುವ ಅಣ್ಣನಿಗೆ ಬಾಯಿಚಪಲಕ್ಕೆ ಪುರುಸೊತ್ತಾದರೂ ಎಲ್ಲಿದೆ?

ಹಸಿವು, ಸಾಕು ಅನ್ನಿಸೋದು, ಊಟದ ಮೇಲೆ ಶುಗರ್ ಏರೋದು, ಇಳಿಯೋದು ಎಲ್ಲವೂ ನಮ್ಮ ಮನಸ್ಸಿನ ಕೈಯಲ್ಲಿಲ್ಲ. ಅದರಲ್ಲಿ ಕರುಳಿನ ಪಾಲು ದೊಡ್ಡದು. ಹಾರ್ಮೋನ್ ಅಂತ ವಿಜ್ಞಾನಿಗಳು ಮೊಟ್ಟಮೊದಲು ಗುರುತಿಸಿದ್ದೇ ಕರುಳಿನದ್ದು. 1902ರಲ್ಲಿ, ಲಂಡನ್ನಿನಲ್ಲಿ. ಆಮೇಲೆ 1960ರ ದಶಕದಲ್ಲಿ ಇನ್ನೊಂದು ಗೊತ್ತಾಯಿತು. ಗ್ಲುಕೋಸನ್ನು ಡ್ರಿಪ್‌ನಲ್ಲಿ ರಕ್ತಕ್ಕೆ ಕೊಟ್ಟಾಗ ಬರುವ ಇನ್ಸುಲಿನ್‌ಗಿಂತ, ಬಾಯಲ್ಲಿ ಕುಡಿಸಿದಾಗ ಬರುವ ಇನ್ಸುಲಿನ್ ಜಾಸ್ತಿ. ಅಂದರೆ "ಊಟ ಬಂತು, ತಯಾರಾಗು" ಅಂತ ಕರುಳೇ ಮೊದಲು ಸುದ್ದಿ ಮುಟ್ಟಿಸುತ್ತೆ.

ಆ ಸುದ್ದಿಗಾರರಲ್ಲಿ ಪಿತ್ತವೂ ಒಂದು. ನಮ್ಮ ಕಡೆ ಪಿತ್ತ ಅಂದರೆ ತಲೆಸುತ್ತು, ವಾಕರಿಕೆ, ಇಲ್ಲವೇ "ಪಿತ್ತ ನೆತ್ತಿಗೇರಿದೆ" ಅನ್ನೋ ಬೈಗುಳ. ನಿಜವಾದ ಪಿತ್ತರಸ ದಿನಾ ದುಡಿಯುವ ಆಳು. ಅದರಲ್ಲಿರುವ ಆಮ್ಲಗಳನ್ನು ಲಿವರ್ ಕೊಲೆಸ್ಟ್ರಾಲ್‌ನಿಂದ ತಯಾರಿಸುತ್ತೆ, ಪಿತ್ತಕೋಶ ರಸವನ್ನು ಕೂಡಿಡುತ್ತೆ. ಜಿಡ್ಡಿನ ಊಟ ಕರುಳಿಗಿಳಿದರೆ ಅಲ್ಲಿಂದ ಸಿಸಿಕೆ ಅನ್ನೋ ಹಾರ್ಮೋನ್ ಹೊರಟು ಪಿತ್ತಕೋಶವನ್ನು ಹಿಂಡಿಸುತ್ತೆ, ಜೊತೆಗೆ ಮಿದುಳಿಗೆ "ಸಾಕು" ಅಂತಲೂ ಹೇಳುತ್ತೆ. ಕೆಲಸ ಮುಗಿಸಿದ ಪಿತ್ತಾಮ್ಲದಲ್ಲಿ ಸುಮಾರು ಶೇ 95 ಸಣ್ಣ ಕರುಳಿನ ಕೊನೇ ಭಾಗದಲ್ಲಿ ಹೀರಿಕೊಂಡು ಮತ್ತೆ ಲಿವರ್‌ಗೇ ವಾಪಸ್. ನಮ್ಮ ದೇಹದಷ್ಟು ಜಿಪುಣ ಸಂಸಾರ ಇನ್ನೊಂದಿಲ್ಲ.

ಹಾದಿಯಲ್ಲಿ ಈ ಪಿತ್ತಾಮ್ಲ ಕರುಳಿನ ಕೆಲವು ಕೋಶಗಳ ಬಾಗಿಲು ತಟ್ಟುತ್ತೆ. ಆಗ ಹೊರಬರುವುದೇ ಜಿಎಲ್‌ಪಿ-1. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇದು ಇನ್ಸುಲಿನ್ ಹೆಚ್ಚಿಸುತ್ತೆ, ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತೆ, ಹಸಿವು ತಗ್ಗಿಸುತ್ತೆ. ಆದರೆ ಆಯಸ್ಸು ಎರಡೇ ನಿಮಿಷ. ಡಾಕ್ಟರ್ ಚೀಟಿಯಲ್ಲಿ "ಗ್ಲಿಪ್ಟಿನ್" ಅಂತ ಕೊನೆಯಾಗುವ ಮಾತ್ರೆ ಕಂಡಿದ್ದೀರಾ? ಅದು ಈ ಜಿಎಲ್‌ಪಿ-1 ಬೇಗ ಕರಗದಂತೆ ಕಾಯುವ ಮಾತ್ರೆ. ತೂಕ ಇಳಿಸಲು ಅಂತ ಪೇಟೆಯವರು ಹಾಕಿಸಿಕೊಳ್ಳುವ ಸೆಮಾಗ್ಲುಟೈಡ್ ಇಂಜೆಕ್ಷನ್ ಅದೇ ಹಾರ್ಮೋನಿನ ನಕಲು, ವಾರವಿಡೀ ಉಳಿಯುವಂತೆ ಮಾಡಿದ್ದು.

ಇಷ್ಟನ್ನು ಕನ್ನಡದಲ್ಲಿ ಹೇಳಲು ಐದು ನಿಮಿಷ ಸಾಕು. ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ಆ ಐದು ನಿಮಿಷ ಸಿಗಲ್ಲ. "ಅನ್ನ ಬಿಡಿ, ವಾಕಿಂಗ್ ಮಾಡಿ, ನೆಕ್ಸ್ಟ್." ಆ ಖಾಲಿ ಜಾಗಕ್ಕೆ ಪುಡಿ ಮಾರುವವನು ನುಗ್ಗುತ್ತಾನೆ. ಅವನ ಹತ್ತಿರ ಮಾತಾಡಲು ಬೇಕಾದಷ್ಟು ಟೈಮಿದೆ, ಅಜ್ಜಿಯನ್ನು "ಅಮ್ಮಾ" ಅಂತ ಕರೆಯುತ್ತಾನೆ.

ಈಗ ಅವನ ಹೊಸ ವ್ಯಾಪಾರ "ಪಿತ್ತ ಕ್ಲೀನಿಂಗ್". ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮಲಗಿ, ಬೆಳಿಗ್ಗೆ ಹಸಿರು ಕಲ್ಲು ಉದುರುತ್ತೆ, ಶುಗರೂ ಇಳಿಯುತ್ತೆ ಅಂತ ವಾಟ್ಸಾಪ್‌ನಲ್ಲಿ ಸುತ್ತುವ ವಿಡಿಯೊ ನಿಮಗೂ ಬಂದಿರುತ್ತೆ. ಆ ಹಸಿರು ಉಂಡೆಗಳು ಪಿತ್ತಕೋಶದ ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಗಟ್ಟಿಯಾಗಿದ್ದು. ನಿಜವಾದ ಕಲ್ಲಿದ್ದವರಿಗೆ ಅದು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಪ್ರಾಣಕ್ಕೇ ಕುತ್ತು. ಇನ್ನು ಪುಡಿ ತಿಂದು ಶುಗರ್ ಇಳಿದೇಬಿಟ್ಟಿತು ಅನ್ನುವವರಿಗೆ: ಇಂಥ "ಗಿಡಮೂಲಿಕೆ"ಗಳಲ್ಲಿ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾನೆ ಅನ್ನೋದು ಅವನಿಗೇ ಗೊತ್ತಿರಲ್ಲ.

ಇದು ಕಾನೂನು ಪ್ರಕಾರ ಅಪರಾಧ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತೆಯೇ ಇಲ್ಲ. ಪಿತ್ತದ ಕಲ್ಲೂ ಆ ಪಟ್ಟಿಯಲ್ಲಿದೆ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು. ಹಾಗಿದ್ದೂ ಗೋಡೆ ಮೇಲೆ, ಆಟೊ ಹಿಂದೆ, ಕೇಬಲ್ ಚಾನೆಲ್‌ನಲ್ಲಿ ರಾಜಾರೋಷವಾಗಿ ಬರುತ್ತಿದೆ. ನಮ್ಮ ವೃತ್ತಿಯವರೇ ಆ ಜಾಹೀರಾತಿನ ಕಮಿಷನ್ ಎಣಿಸುತ್ತಾರೆ ಅನ್ನೋದನ್ನೂ ಬರೆಯಲೇಬೇಕು. ಒಂದೇ ಪುಟದಲ್ಲಿ ಮೇಲೆ ಆರೋಗ್ಯ ಶಿಬಿರದ ಸುದ್ದಿ, ಕೆಳಗೆ ಪುಡಿಯ ಫೋನ್ ನಂಬರು!

ಮುದ್ದೆಯ ವಿಷಯಕ್ಕೂ ಬರೋಣ, ಬೈಸಿಕೊಂಡರೂ ಪರವಾಗಿಲ್ಲ. "ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ" ಅನ್ನೋದು ನಮ್ಮ ಜಿಲ್ಲೆಯ ಹೆಮ್ಮೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯಲ್ಲೂ ಹೆಚ್ಚಿಗೆ ಇರೋದು ಪಿಷ್ಟವೇ, ಅದೂ ಸಕ್ಕರೆಯೇ ಆಗುತ್ತೆ. ನಾವೋ ಅಗಿಯದೆ ನುಂಗುತ್ತೇವೆ. ಶುಗರ್ ಇದ್ದವರು ಬಸ್ಸಾರಿಗೆ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಮೊದಲು ತಿಂದು, ಆಮೇಲೆ ಚಿಕ್ಕ ಮುದ್ದೆಗೆ ಕೈ ಹಾಕಿ. ತರಕಾರಿ, ಕಾಳು, ಮೊಟ್ಟೆ ಮೊದಲು ಹೋದರೆ ಊಟದ ನಂತರದ ಶುಗರ್ ಕಡಿಮೆ ಏರುತ್ತೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಶ್ರೀನಿವಾಸಪುರದವರು ಮಾವಿನ ಸೀಸನ್‌ನಲ್ಲಿ ಏನು ಮಾಡಬೇಕು ಅಂತ ಕೇಳಬೇಡಿ. ಬಿಡಿ ಅನ್ನೋ ಧೈರ್ಯ ನಮಗಿಲ್ಲ, ಬುಟ್ಟಿ ಮುಂದಿಟ್ಟುಕೊಂಡು ಕೂರಬೇಡಿ ಅಷ್ಟೇ.

ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಶುರುವಾಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಒಳ್ಳೆಯ ಕೆಲಸ. ಆದರೆ ಬೆರಳು ಚುಚ್ಚಿ ನಂಬರು ಬರೆದುಕೊಂಡು ಹೋದರೆ ಅರ್ಧ ಕೆಲಸ. ಆ ನಂಬರು ಯಾಕೆ ಏರಿತು, ಮಾತ್ರೆ ಹೊಟ್ಟೆಯೊಳಗೆ ಏನು ಮಾಡುತ್ತೆ ಅಂತ ಹೇಳುವ ಕೆಲಸವನ್ನೂ ಅದರಲ್ಲಿ ಸೇರಿಸಬೇಕು. ಆಶಾ ಅಕ್ಕಂದಿರ ತಲೆ ಮೇಲೆ ಪುಕ್ಕಟೆ ಹೊರಿಸುವುದಲ್ಲ, ಅದಕ್ಕೆ ತರಬೇತಿ ಕೊಟ್ಟು, ದುಡ್ಡೂ ಕೊಡಬೇಕು.

ಪುಡಿ ತಿನ್ನುತ್ತಿರುವವರು ಇದ್ದರೆ, ಇನ್ಸುಲಿನ್ನನ್ನೋ ಮಾತ್ರೆಯನ್ನೋ ನೀವಾಗಿ ನಿಲ್ಲಿಸಬೇಡಿ. ಆ ಪೊಟ್ಟಣವನ್ನೇ ಡಾಕ್ಟರ್ ಮುಂದಿಡಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲೇ ಆಗಲಿ, "ಶುಗರ್ ಶಾಶ್ವತ ಪರಿಹಾರ" ಅನ್ನೋ ಗೋಡೆಬರಹ ಕಂಡರೆ ಜಾಗ, ಫೋನ್ ನಂಬರು ಕಾಣುವಂತೆ ಫೋಟೊ ತೆಗೆದು ನಮಗೆ ಕಳಿಸಿ. ಔಷಧ ಪರಿವೀಕ್ಷಕರಿಗೆ ಕೊಡುವ ದೂರಿಗೆ ಅವನ್ನು ಲಗತ್ತಿಸುತ್ತೇವೆ. ಏನು ಉತ್ತರ ಬಂತು ಅನ್ನೋದನ್ನು ಇಲ್ಲೇ ಹಾಕುತ್ತೇವೆ, ಬರದೇ ಹೋದರೆ ಅದನ್ನೂ.