ಗಡಿ ದಾಟುವ ಮಕ್ಕಳಿಗೆ ಬೇಕಿದ್ದದ್ದು ಪರೀಕ್ಷೆ, ಪರವಾನಗಿಯಲ್ಲ

ಕೋವಿಡ್ ಕಾಲದಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿ, ಸಾರಡ್ಕ, ಜಾಲ್ಸೂರಿನ ಚೆಕ್‌ಪೋಸ್ಟ್‌ಗಳಲ್ಲಿ ನಡೆದದ್ದೆಲ್ಲ ಸೋಂಕು ನಿಯಂತ್ರಣವೇ ಎಂದು ಸಮರ್ಥಿಸುವವರು ಈಗಲೂ ಇದ್ದಾರೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯ ಮಕ್ಕಳು ಮಂಗಳೂರಿಗೋ ವಿಟ್ಲಕ್ಕೋ ಪುತ್ತೂರಿಗೋ ಓದಲು ಬರುವುದು ಇಂದು ನಿನ್ನೆಯ ರೂಢಿಯಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಅವರ ಮುಂದಿಟ್ಟ ಷರತ್ತು ಒಂದೇ: ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸು, ಒಳಗೆ ಬಾ. ಆ ಪರೀಕ್ಷೆಯಿಂದ ಮಕ್ಕಳ ಆರೋಗ್ಯ ಕಾಯುವ ಕೆಲಸ ಆಗಲಿಲ್ಲ, ಗೇಟು ಕಾಯುವ ಕೆಲಸವಷ್ಟೇ ಆಯಿತು.

ಆದೇಶವನ್ನೇ ಓದಿ ನೋಡಿ. ಅಪರೂಪಕ್ಕೆ ಬರುವ ಪ್ರಯಾಣಿಕನ ವರದಿ 72 ಗಂಟೆಗಿಂತ ಹಳತಾಗಿರಬಾರದು. ದಿನವೂ ಓಡಾಡುವ ವಿದ್ಯಾರ್ಥಿಗೆ 15 ದಿನಕ್ಕೊಮ್ಮೆ ಪರೀಕ್ಷೆ ಸಾಕು. ಮೂರು ದಿನ ಕಳೆದರೆ ವರದಿಗೆ ಬೆಲೆಯಿಲ್ಲ ಎನ್ನುವುದು ವಿಜ್ಞಾನವಾದರೆ, ಅದೇ ವರದಿ ಇನ್ನೊಬ್ಬನ ಕೈಯಲ್ಲಿ ಹದಿನೈದು ದಿನ ಬಾಳುವುದು ಹೇಗೆ? ಡೆಲ್ಟಾ ತಳಿ ನಾಲ್ಕೈದು ದಿನಗಳಲ್ಲೇ ರೋಗಲಕ್ಷಣ ತೋರಿಸುತ್ತಿದ್ದ ಕಾಲವದು. ಸೋಮವಾರ ನೆಗೆಟಿವ್ ಬಂದ ಹುಡುಗಿಗೆ ಗುರುವಾರ ಸೋಂಕು ತಗುಲಿದರೂ ಮುಂದಿನ ವಾರವಿಡೀ ಅವಳ ಕೈಲಿದ್ದ ಕಾಗದ ಸಿಂಧುವೇ. ದಿನನಿತ್ಯ ಪರೀಕ್ಷಿಸುವುದು ಆಗದ ಮಾತೆಂದು ಸರ್ಕಾರಕ್ಕೂ ಗೊತ್ತಿತ್ತು. ಆದರೂ ಕಾಗದ ಬಿಡಲು ಮನಸ್ಸಿರಲಿಲ್ಲ.

2021ರ ಮೇ 4ರಂದೇ ಐಸಿಎಂಆರ್ ಸಲಹೆ ಕೊಟ್ಟಿತ್ತು: ಪ್ರಯೋಗಾಲಯಗಳ ಮೇಲಿನ ಹೊರೆ ತಗ್ಗಿಸಲು, ಅಂತರರಾಜ್ಯ ಪ್ರಯಾಣ ಮಾಡುವ ಆರೋಗ್ಯವಂತರಿಗೆ ಈ ಪರೀಕ್ಷೆಯ ಅಗತ್ಯವನ್ನು ಪೂರ್ತಿ ಕೈಬಿಡಬಹುದು. ದೇಶದ ಅತ್ಯುನ್ನತ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಮಾತಿಗೆ ತಲಪಾಡಿಯಲ್ಲಿ ಕಿಮ್ಮತ್ತು ಸಿಗಲಿಲ್ಲ. ಜುಲೈ ಆರಂಭದಲ್ಲಿ ಲಸಿಕೆ ಪಡೆದವರಿಗೆ ವಿನಾಯಿತಿ ಕೊಟ್ಟಾಗಲೂ ಅದು ದೊಡ್ಡವರ ಪಾಲಾಯಿತು. 15ರಿಂದ 18ರ ವಯಸ್ಸಿನವರಿಗೆ ಲಸಿಕೆ ಶುರುವಾದದ್ದೇ 2022ರ ಜನವರಿ 3ರಂದು. ಇಲ್ಲದ ಲಸಿಕೆಯ ಸರ್ಟಿಫಿಕೇಟನ್ನು ಮಕ್ಕಳು ಎಲ್ಲಿಂದ ತರಬೇಕಿತ್ತು? 2021ರ ಜುಲೈ ಕೊನೆಗೆ ದೊಡ್ಡವರ ವಿನಾಯಿತಿಯೂ ಹೋಯಿತು.

ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. 2021ರ ಆಗಸ್ಟ್‌ನಲ್ಲಿ ದೇಶದ ಹೊಸ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕೇರಳದಲ್ಲೇ ಇದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ ಉಳ್ಳಾಲದ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳಲ್ಲಿ ಗುಂಪಾಗಿ ಸೋಂಕು ಕಂಡಿತ್ತು. ಜಿಲ್ಲಾಡಳಿತ ಹೆದರಿದ್ದು ಸಹಜ. ಆದರೆ ಜೂನ್-ಜುಲೈನಲ್ಲಿ ನಡೆದ ಐಸಿಎಂಆರ್‌ನ ನಾಲ್ಕನೇ ಸೀರೋ ಸಮೀಕ್ಷೆ ಏನು ಹೇಳಿತು? ಕೇರಳದಲ್ಲಿ ಪ್ರತಿಕಾಯ ಇದ್ದವರು ಶೇ 44.4, ಕರ್ನಾಟಕದಲ್ಲಿ ಶೇ 69.8. ಎಂದರೆ, ಸೋಂಕಿನಿಂದಲೋ ಲಸಿಕೆಯಿಂದಲೋ ನಮ್ಮಲ್ಲಿ ಬಹುಪಾಲು ಜನರಿಗೆ ಆಗಲೇ ಪ್ರತಿಕಾಯ ಬಂದಿತ್ತು. ಕೇರಳದಲ್ಲಿ ಸೋಂಕು ಇನ್ನೂ ಹಬ್ಬುತ್ತಿತ್ತು. ದೇಶದಾದ್ಯಂತ 6ರಿಂದ 9ರ ಮಕ್ಕಳಲ್ಲೂ ಶೇ 57.2 ಮಂದಿಗೆ ಪ್ರತಿಕಾಯವಿತ್ತು. ನೆರೆ ಮನೆಯೊಳಗೆ ಹೊಕ್ಕು ಹೋದ ಮೇಲೆ ಹೊಸ್ತಿಲಿಗೆ ಮಣ್ಣಿನ ಕಟ್ಟೆ ಕಟ್ಟಿದಂತಾಯಿತು ನಮ್ಮ ಕಾವಲು.

ಪರೀಕ್ಷೆಯೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಪರೀಕ್ಷೆಗೊಂದು ಉದ್ದೇಶ ಬೇಕು. ಜ್ವರ ಬಂದ ಮಗುವನ್ನು ಗುರುತಿಸಿ, ಅದರ ತರಗತಿಯ ಸಂಪರ್ಕಿತರನ್ನು ಹುಡುಕಿ, ಮನೆಯ ಅಜ್ಜ ಅಜ್ಜಿಯರನ್ನು ಎಚ್ಚರಿಸಿ, ಅಗತ್ಯಬಿದ್ದರೆ ಆಸ್ಪತ್ರೆ ಸೇರಿಸುವುದಕ್ಕೆ ಪರೀಕ್ಷೆ. ಚೆಕ್‌ಪೋಸ್ಟ್‌ನಲ್ಲಿ ಈ ಸರಪಳಿಯ ಯಾವ ಕೊಂಡಿಯೂ ಇರಲಿಲ್ಲ. ಪಾಸಿಟಿವ್ ಬಂದ ಮಗು ಆಚೆಯೇ ಉಳಿಯಿತು. ಮುಂದೇನಾಯಿತೆಂಬುದು ಆಚೆಯವರ ಚಿಂತೆ. ಚೇತರಿಸಿಕೊಂಡ ಮಗುವಿನ ಮೂಗಿನಲ್ಲಿ ವೈರಾಣುವಿನ ನಿರ್ಜೀವ ತುಣುಕುಗಳು ವಾರಗಟ್ಟಲೆ ಉಳಿದು ಪಾಸಿಟಿವ್ ತೋರಿಸಬಹುದು. ಒಮ್ಮೆ ಪಾಸಿಟಿವ್ ಆದವರನ್ನು ಮತ್ತೆ ಪರೀಕ್ಷಿಸಬೇಡಿ ಎಂದು ಐಸಿಎಂಆರ್ ಅದೇ ಮೇ ತಿಂಗಳ ಸಲಹೆಯಲ್ಲಿ ಹೇಳಿದ್ದು ಸುಮ್ಮನೆಯೇ?

ನೋವಿನ ಮಾತು ಇನ್ನೊಂದಿದೆ. ಕಾಸರಗೋಡು ನಮ್ಮದು ಎಂದು ನಾವು, ಅದು ಕೇರಳಕ್ಕೆ ಸೇರಿದ 1956ರಿಂದ, ಹೇಳುತ್ತ ಬಂದಿದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯನ್ನು ವೇದಿಕೆಯಲ್ಲಿ ಎತ್ತಿ ಹಿಡಿಯುತ್ತೇವೆ. ಅದೇ ನೆಲದ ಕನ್ನಡ ಮಾಧ್ಯಮದ ಹುಡುಗ ಬ್ಯಾಗು ಹೆಗಲಿಗೇರಿಸಿ ಬಂದಾಗ ಮಾತ್ರ ಅವನು ಕೇರಳದವನು. ನೆಲದ ಮೇಲೆ ಹಕ್ಕು ಸಾಧಿಸಿ, ಮಕ್ಕಳ ಹೊಣೆ ಬೇಡವೆನ್ನುವ ಅಭಿಮಾನಕ್ಕೆ ಏನರ್ಥ? ಆ ದಿನಗಳಲ್ಲಿ ಗಡಿನಾಡ ಪರ ಸಂಘಟನೆಗಳು ಎತ್ತಿದ ದನಿ ಬೆಂಗಳೂರಿಗೆ ಕೇಳಿಸಿದ್ದೇ ಕಡಿಮೆ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ರೋಗಿಗಳನ್ನೂ ತಡೆದಾಗ, ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರವುಗೊಳಿಸಲು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ರೋಗಿಗಳ ಸಂಚಾರಕ್ಕೆ ಒಪ್ಪಿತ ನಿಯಮಾವಳಿ ಸಿದ್ಧವಾಗಿತ್ತು. ಕೋರ್ಟು ಗದರಿದರೆ ವಾರದೊಳಗೆ ಆಗುವ ಕೆಲಸ, ಮಕ್ಕಳ ವಿಷಯದಲ್ಲಿ ವರ್ಷವಾದರೂ ಆಗಲಿಲ್ಲ. ಕೇರಳದಿಂದ ಬರುವವರ ಮೇಲಿನ ನೆಗೆಟಿವ್ ವರದಿಯ ಷರತ್ತು ಹೋದದ್ದು 2022ರ ಫೆಬ್ರವರಿಯಲ್ಲಿ.

ಇದು ಮುಗಿದ ಕತೆಯೇನೂ ಅಲ್ಲ. 2018ರ ಬಳಿಕ ಕೇರಳದಲ್ಲಿ ನಿಪಾ ಮತ್ತೆ ಮತ್ತೆ ತಲೆಯೆತ್ತಿದೆ. ಪ್ರತಿಸಲವೂ ನಮ್ಮ ಗಡಿ ಜಿಲ್ಲೆಗಳಿಗೆ ಕಟ್ಟೆಚ್ಚರದ ಸೂಚನೆ ಬರುತ್ತದೆ. ಆದ್ದರಿಂದ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲಾಡಳಿತಗಳು ಈಗಲೇ ಕೂತು ಜಂಟಿ ನಿಯಮ ಬರೆದಿಡಲಿ. ಮಕ್ಕಳ ಪರೀಕ್ಷೆ ಶಾಲೆಯಲ್ಲಿ, ಉಚಿತವಾಗಿ, ಲಕ್ಷಣ ಅಥವಾ ಸಂಪರ್ಕವಿದ್ದರೆ ಮಾತ್ರ ನಡೆಯಲಿ. ಗಡಿಯಲ್ಲಿ ಶಾಲೆಯ ಗುರುತಿನ ಚೀಟಿ ಸಾಕೆನ್ನಲಿ. ಪಾಸಿಟಿವ್ ಬಂದ ಮಗುವಿನ ಚಿಕಿತ್ಸೆಗೆ ಎರಡೂ ಕಡೆಯ ಆಸ್ಪತ್ರೆ ತೆರೆದಿರಲಿ. ಯಾವ ನಿರ್ಬಂಧವೂ ಮುಕ್ತಾಯದ ದಿನಾಂಕವಿಲ್ಲದೆ ಹೊರಡದಿರಲಿ. ಇಷ್ಟು ಬರೆದಿಡದೆ ಮುಂದಿನ ಸಾಂಕ್ರಾಮಿಕಕ್ಕೆ ಬ್ಯಾರಿಕೇಡ್ ಎಳೆಯುವ ಸರ್ಕಾರಕ್ಕೆ ಮಹಾಜನ ವರದಿಯ ಹೆಸರೆತ್ತುವ ನೈತಿಕ ಹಕ್ಕಿಲ್ಲ.